ಸೇಂಟ್ ಮೇರೀಸ್ ದ್ವೀಪ: ಹೆಸರು ಯಾವಾಗ ಬಂತು, ಕಲ್ಲು ಯಾವುದು

ಹಿಂದೆ ಕಾಣ್ತಿರೋದು ಮಲ್ಪೆ ಬಂದರು. ಇಲ್ಲಿಂದ ಸುಮಾರು 6 ಕಿಲೋಮೀಟರ್ ಆಚೆ, ಕರಾವಳಿಯುದ್ದಕ್ಕೆ ಉತ್ತರ ದಕ್ಷಿಣವಾಗಿ ಚೆದುರಿರೋ ಬಂಡೆಗಳ ಗುಂಪೇ ಸೇಂಟ್ ಮೇರೀಸ್ ದ್ವೀಪಗಳು. ಪ್ರವಾಸಿ ಬೋಟು ಹೋಗೋದು ಕೋಕೊನಟ್ ಐಲ್ಯಾಂಡ್‌ಗೆ. ಉದ್ದ ಅರ್ಧ ಕಿಲೋಮೀಟರ್, ಅಗಲ 100 ಮೀಟರ್, ಎತ್ತರ ಹೆಚ್ಚೆಂದರೆ 10 ಮೀಟರ್. ಜನವಸತಿ ಇಲ್ಲ.

ಊರವರ ಬಾಯಲ್ಲಿ ಇದು ತೋನ್ಸೆಪಾರ್. ಸೇಂಟ್ ಮೇರಿ ಅನ್ನೋ ಹೆಸರು ವಾಸ್ಕೋ ಡ ಗಾಮನ ಕಡೆಯಿಂದ ಬಂದದ್ದು. ಆದರೆ ಅವನು ಕಲ್ಲಿಕೋಟೆಗೆ ಹೋಗ್ತಾ ಇಲ್ಲಿ ಇಳಿದ ಅಂತಾರಲ್ಲ, ಅದು ಉಲ್ಟಾ. ಅವನು ಕಲ್ಲಿಕೋಟೆ ಮುಟ್ಟಿದ್ದು 1498ರ ಮೇ ತಿಂಗಳಲ್ಲಿ, ಅಲ್ಲಿನ ರಾಜ ಸಾಮೂದಿರಿ ಜೊತೆ ಕೆಡಿಸಿಕೊಂಡು ಹೊರಟಿದ್ದು ಆಗಸ್ಟ್ ಕೊನೆಗೆ. ಆ ಯಾನದ ದಿನಚರಿ ಪ್ರಕಾರ ಸೆಪ್ಟೆಂಬರ್ 15ರಂದು, ವಾಪಸ್ ಹೋಗುವಾಗ, ಒಂದು ಪುಟ್ಟ ದ್ವೀಪದ ಮೇಲೆ ಕಲ್ಲುಕಂಬ ನೆಟ್ಟು ಸಾಂತಾ ಮರಿಯಾ ಅಂತ ಕರೆದರು. ಪೋರ್ಚುಗಲ್ ರಾಜ ನೆಡಿಸಿ ಅಂದಿದ್ದ ಮೂರು ಕಂಬಗಳಲ್ಲಿ ಇದೇ ಕೊನೆಯದು. ಮೊದಲನೆಯದು ಪೂರ್ವ ಆಫ್ರಿಕಾದಲ್ಲಿ, ಎರಡನೆಯದು ಕಲ್ಲಿಕೋಟೆಯಲ್ಲಿ. ಆಮೇಲೆ ಅವರು ಉತ್ತರಕ್ಕೆ ಸಾಗಿ ಕಾರವಾರದ ಹತ್ತಿರದ ಅಂಜುದೀವ್ ದ್ವೀಪದಲ್ಲಿ ಹಡಗು ಶುಚಿ ಮಾಡಿಕೊಂಡರು. ಮ್ಯಾಪ್ ಮೇಲೆ ಬೆರಳಿಟ್ಟು ನೋಡಿ, ಹಾದಿ ಸರಿಯಾಗಿ ಕೂಡುತ್ತೆ.

ಈಗ ಕಲ್ಲು. ದ್ವೀಪದಲ್ಲಿ ಸಾಲಾಗಿ ನಿಂತಿರೋ ಕಂಬದಂಥ ಬಂಡೆಗಳನ್ನ ಎಲ್ಲರೂ ಬಸಾಲ್ಟ್, ಅಂದರೆ ಕಪ್ಪು ಲಾವಾ ಕಲ್ಲು, ಅಂತಾರೆ. ರಾಸಾಯನಿಕವಾಗಿ ಇದು ಡೇಸೈಟ್, ರಯೋಲೈಟ್ ಅನ್ನೋ ಬೇರೆ ಲಾವಾ ಕಲ್ಲುಗಳ ಜಾತಿಯದು, ಬಸಾಲ್ಟ್‌ಗಿಂತ ಸಿಲಿಕಾ (ಮರಳಲ್ಲಿರೋ ಖನಿಜಾಂಶ) ಜಾಸ್ತಿ. ವಯಸ್ಸು ಸುಮಾರು 8.5 ಕೋಟಿ ವರ್ಷ. ಅಂದರೆ ಮಹಾರಾಷ್ಟ್ರದ ಡೆಕ್ಕನ್ ಟ್ರ್ಯಾಪ್ ಲಾವಾಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡಿ, ಅದು ಸುಮಾರು 6.6 ಕೋಟಿ ವರ್ಷದ್ದು. ಈ ಲಾವಾ ಉಕ್ಕಿದ್ದು ಮಡಗಾಸ್ಕರ್ ಭಾರತದಿಂದ ಬಿಟ್ಟು ದೂರ ಸರಿಯೋ ಕಾಲದಲ್ಲಿ. ಲಾವಾ ಆರುತ್ತಾ ಕುಗ್ಗುತ್ತೆ, ಕುಗ್ಗಿದಾಗ ಬಿರಿಯುತ್ತೆ, ಒಣಗಿದ ಕೆರೆಯ ಕೆಸರಿನ ಹಾಗೆ. ಬಿರುಕು ತಣ್ಣಗಾದ ಮೈಯಿಂದ ನೇರ ಒಳಕ್ಕೆ ಇಳಿಯುತ್ತೆ, ಅದಕ್ಕೇ ಕಂಬ. ಆರು ಮುಖ ಹೆಚ್ಚು, ಆದರೆ ಎಲ್ಲಾ ಆರೇ ಅಲ್ಲ. ಎಣಿಸಿದರೆ ಐದು, ಏಳೂ ಸಿಗುತ್ತೆ.

ಶೂಟ್ ಮಾಡೋರಿಗೆ: ಕಂಬಗಳ ಬುಡ ಕಾಣಬೇಕಂದ್ರೆ ಇಳಿತದ ಹೊತ್ತಿಗೆ ಹೋಗಿ. ಇಳಿತ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತೆ. ಅಮಾವಾಸ್ಯೆ, ಹುಣ್ಣಿಮೆ ಸುತ್ತ ನೀರು ಹೆಚ್ಚು ಹಿಂದೆ ಸರಿಯುತ್ತೆ, ಅಷ್ಟೇ ಎತ್ತರಕ್ಕೆ ವಾಪಸ್ಸೂ ಬರುತ್ತೆ. ದಡದಲ್ಲಿ ಮರಳಿಗಿಂತ ಚಿಪ್ಪಿನ ಚೂರೇ ಜಾಸ್ತಿ, ಬರಿಗಾಲು ಕೊಯ್ಯುತ್ತೆ. ರಬ್ಬರ್ ಹಿಡಿತದ ಚಪ್ಪಲಿ ಸಾಕು. ಒದ್ದೆ ಬಂಡೆ ಮೇಲೆ ಪಾಚಿ ಇರುತ್ತೆ, ಸಮುದ್ರದ ಕಡೆ ಅಂಚಿಗೆ ನಿಂತು ಸೆಲ್ಫಿ ಬೇಡ: ಅಲೆ ಬಂದರೆ ಹಿಡಿಯೋಕೆ ಏನೂ ಇರಲ್ಲ. ಈಜೂ ಬೇಡ. ಟಿಕೆಟ್ ತಗೊಳ್ಳುವಾಗಲೇ ಕೊನೆಯ ವಾಪಸ್ ಬೋಟಿನ ಸಮಯ ಕೇಳಿಟ್ಟುಕೊಳ್ಳಿ. ಮಳೆಗಾಲದಲ್ಲಿ ಬೋಟು ಬಂದ್, ಮಳೆ ಬಿಟ್ಟು ಸಮುದ್ರ ಶಾಂತವಾದ ಮೇಲೇ ಮತ್ತೆ ಶುರು.