ಮೊದಲು ಹೆಳವರು, ಆಮೇಲೆ ಡಿಎನ್‌ಎ

ನಮಸ್ಕಾರ ಕೇಳುಗರೇ. ನಮ್ಮ ಕಲಬುರಗಿ ಕಡೆಯಿಂದ ಹೊರದೇಶಕ್ಕೆ ಹೋದ ಮಕ್ಕಳು ಈಗ ಡಿಎನ್‌ಎ ಪರೀಕ್ಷೆ ಮಾಡಿಸಿ ವಂಶದ ಮೂಲ ಹುಡುಕುತ್ತಿದ್ದಾರೆ. ಒಳ್ಳೆಯದೇ. ಆದರೆ ಕೊಳವೆಯಲ್ಲಿ ಎಂಜಲು ತುಂಬಿ ಕಳಿಸುವ ಮೊದಲು ಆಯಿ, ಮುತ್ಯಾನ (ಅಜ್ಜಿ, ಅಜ್ಜನ) ಹತ್ತಿರ ಕೂತು ಹೆಸರುಗಳನ್ನು ಬರೆದುಕೊಳ್ಳಿ. ನಿಮ್ಮ ಮನೆತನಕ್ಕೆ ಬರುವ ಹೆಳವರು ಯಾವ ಊರಿನವರು ಅಂತಲೂ ಕೇಳಿ.

ಹೆಳವರು ಗೊತ್ತಲ್ವಾ? ಎತ್ತಿನ ಮೇಲೆ ಊರೂರು ತಿರುಗಿ, ಮನೆ ಮುಂದೆ ನಿಂತು ವಂಶ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳುಕಡಿ ಪಡೆದು ಹೋಗುವವರು. ಮೂಲ ಊರು ಯಾವುದು, ಬೆಡಗು, ಅಂದರೆ ಕುಲದೊಳಗಿನ ಗುಂಪು, ಯಾವುದು, ಯಾವ ಅಣ್ಣತಮ್ಮಂದಿರು ಬೇರೆಯಾಗಿ ಎಲ್ಲಿಗೆ ಹೋದರು, ಎಲ್ಲ ಅವರ ಪುಸ್ತಕದಲ್ಲಿ ಇರುತ್ತದೆ. ಇದನ್ನು ಯಾವ ಲ್ಯಾಬೂ ಹೇಳುವುದಿಲ್ಲ.

ಇನ್ನು ಜಮೀನಿನ ಕಾಗದ. 1948ರವರೆಗೆ ಇಲ್ಲಿ ನಿಜಾಮರ ಆಳ್ವಿಕೆ, ಹಾಗಾಗಿ ಹಳೇ ದಾಖಲೆ ಜಾಸ್ತಿ ಉರ್ದುವಿನಲ್ಲೇ ಇವೆ, ವರ್ಷವೂ ಫಸಲಿ, ಅಂದರೆ ಆಗಿನ ಕಂದಾಯದ ವರ್ಷದ, ಲೆಕ್ಕದ್ದು. ಫಸಲಿ 1340 ಅಂತ ಕಂಡರೆ ಗಾಬರಿ ಬೇಡ, 590 ಕೂಡಿಸಿ, ಹೆಚ್ಚುಕಡಿಮೆ 1930 ಆಗುತ್ತದೆ. 1954-55ರ ಖಾಸ್ರಾ ಪಹಣಿಯನ್ನಂತೂ ಬಿಡಲೇಬೇಡಿ, ಆಗ ಹೊಲ ಯಾರ ಹೆಸರಿನಲ್ಲಿತ್ತು, ಉಳುತ್ತಿದ್ದವರು ಯಾರು ಅಂತ ಅದರಲ್ಲಿ ಸಿಗುತ್ತದೆ.

ಒಂದು ತೊಡಕಿದೆ. ಮುತ್ಯಾನ ಹೆಸರನ್ನೇ ಮೊಮ್ಮಗನಿಗೆ ಇಡುತ್ತೇವೆ. ಕಾಗದದಲ್ಲಿ ಮೂವರು ಶರಣಪ್ಪ ಬಂದರೆ ಎಲ್ಲರೂ ಒಂದೇ ಮನೆತನದವರಾ, ಬೇರೆ ಬೇರೆಯವರಾ? ಇಂಥ ಕಡೆ ಡಿಎನ್‌ಎ ನೆರವಿಗೆ ಬರುತ್ತದೆ. ಗಂಡಸರಲ್ಲಿರುವ ವೈ ಕ್ರೋಮೋಸೋಮ್ ಅನ್ನುವ ಡಿಎನ್‌ಎ ಭಾಗ ತಂದೆಯಿಂದ ಮಗನಿಗಷ್ಟೇ ಹೋಗುತ್ತದೆ, ಹೆಚ್ಚು ಬದಲಾಗುವುದಿಲ್ಲ. ಎರಡು ಮನೆಯ ಗಂಡಸರ ವೈ ಒಂದಕ್ಕೊಂದು ಹೊಂದಿದರೆ ಗಂಡು ಕಡೆಯ ಮೂಲ ಒಂದೇ ಅನ್ನಬಹುದು, ಎಷ್ಟು ತಲೆಮಾರಿನ ಹಿಂದೆ ಅಂತ ಮಾತ್ರ ಕಾಗದವೇ ಹೇಳಬೇಕು. ತಾಯಿಯಿಂದ ಬರುವ ಮೈಟೋಕಾಂಡ್ರಿಯದ ಡಿಎನ್‌ಎ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ನಮ್ಮ ವಂಶಾವಳಿಗಳಲ್ಲಿ ಸಾಮಾನ್ಯವಾಗಿ ಬಿಟ್ಟೇ ಹೋಗುತ್ತದೆ, ಅವ್ವ, ಅವಳ ಅವ್ವ, ಅವಳವ್ವ ಅನ್ನುವ ಆ ಸಾಲು ಉಳಿದಿರುವುದು ಮೈಯೊಳಗೆ ಮಾತ್ರ.

ಆದರೆ ಡಿಎನ್‌ಎ ನೋಡಿ ಕಂಪನಿ ಕೊಡುವ ನೆಂಟರ ಪಟ್ಟಿಯನ್ನು ಹಾಗೇ ನಂಬಬೇಡಿ. ಅಣ್ಣತಮ್ಮಂದಿರ ಮಕ್ಕಳ ನಡುವೆ ಸರಾಸರಿ ಶೇಕಡ 12.5ರಷ್ಟು ಡಿಎನ್‌ಎ ಒಂದೇ ಇರುತ್ತದೆ ಅನ್ನುವ ಲೆಕ್ಕ, ಗಂಡ ಹೆಂಡತಿ ಮೊದಲೇ ನೆಂಟರಲ್ಲ ಅಂತ ಇಟ್ಟುಕೊಂಡು ಮಾಡಿದ್ದು. ನಮ್ಮಲ್ಲಿ ಅಕ್ಕನ ಮಗಳು, ಸೋದರಮಾವನ ಮಗಳು ಅಂತ ತಲೆಮಾರುಗಟ್ಟಲೆ ಕೊಟ್ಟು ತಂದಿದ್ದೇವೆ. ಹಾಗಾಗಿ ದೂರದವರೂ ಹತ್ತಿರದವರಂತೆ ಕಾಣುತ್ತಾರೆ. ಯಾರನ್ನು ಯಾರಿಗೆ ಕೊಟ್ಟರು ಅಂತ ಆಯಿ ಹೇಳಿದರೇನೇ ಆ ಗಂಟು ಬಿಚ್ಚುವುದು.

ದತ್ತು ಹೋದವರ ಮನೆಯಲ್ಲಿ ಹೆಳವರ ಪುಸ್ತಕ ಒಂದು ಹೇಳುತ್ತದೆ, ಪರೀಕ್ಷೆ ಇನ್ನೊಂದು ಹೇಳುತ್ತದೆ. ಎರಡೂ ನಿಜ. ದತ್ತುಮಗ ಆ ಮನೆಯ ಮಗನೇ, ಇದರಲ್ಲಿ ವಾದವೇ ಬೇಡ.

ಮಾಡಿಸುವುದಾದರೆ ಮನೆಯ ಹಿರಿಯರದ್ದೇ ಮಾಡಿಸಿ, ಪ್ರತಿ ತಲೆಮಾರಿಗೂ ಅರ್ಧ ಅರ್ಧ ಕಳೆದುಹೋಗುತ್ತದಲ್ಲ. ಅವರಿಗೆ ಎಲ್ಲ ಬಿಡಿಸಿ ಹೇಳಿ, ಒಪ್ಪಿದರೆ ಮಾತ್ರ ಮಾಡಿಸಿ. 2023ರಲ್ಲಿ ಟ್ವೆಂಟಿಥ್ರೀ ಆ್ಯಂಡ್ ಮಿ ಅನ್ನುವ ಡಿಎನ್‌ಎ ಪರೀಕ್ಷೆ ಕಂಪನಿಯಿಂದ ಸುಮಾರು 69 ಲಕ್ಷ ಜನರ ಮಾಹಿತಿ ಕಳುವಾಯಿತು, 2025ರಲ್ಲಿ ಅದು ದಿವಾಳಿ ಅರ್ಜಿಯನ್ನೂ ಹಾಕಿತು. ನಿಮ್ಮ ಮಾಹಿತಿ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಕೆಲಸ ಮುಗಿದ ಮೇಲೆ ಅಳಿಸಿ ಅಂತ ಕಂಪನಿಗೆ ಬರೆಯಿರಿ. ನಮಸ್ಕಾರ.