ನಿಯಮ ಮೊದಲು ಬರೆಯಿರಿ, ಹುಡುಗಿಯರನ್ನು ಆಮೇಲೆ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಅಮೆರಿಕದ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ಕನ್ನಡದ ಹೆಣ್ಣುಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರು ಕೇಳುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. ವಿಷಯ ಸೊರೋರಿಟಿ. ಅಲ್ಲಿಗೆ ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಅದನ್ನು ನ್ಯಾಯವಾಗಿ ತೀರ್ಮಾನ ಮಾಡುವುದು ಹೇಗೆ? ಒಂದು ಚಾಪ್ಟರಿಗೆ ಸಲಹೆಗಾರ್ತಿಯಾಗಿ ಕೆಲಸ ಮಾಡಿದವಳು ನಾನು. ನನಗೆ ಹೇಳಬೇಕಾಗಿರುವುದು ಒಂದೇ ಮಾತು. ನಿಯಮವನ್ನು ಮೊದಲು ಬರೆಯಿರಿ, ಹುಡುಗಿಯರನ್ನು ಆಮೇಲೆ ನೋಡಿ.

ಅಪ್ಪ ಅಮ್ಮಂದಿರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೊರೋರಿಟಿ ಅಂದರೆ ಕಾಲೇಜು ಹುಡುಗಿಯರ ಸಂಘ. ಹೆಸರು ಗ್ರೀಕ್ ಅಕ್ಷರಗಳಲ್ಲಿ ಇರುತ್ತದೆ. ಒಂದೊಂದು ಸಂಘಕ್ಕೂ ದೇಶದ ತುಂಬಾ ಶಾಖೆಗಳು, ಅವೇ ಚಾಪ್ಟರ್‌ಗಳು. ಇಂಥ ಇಪ್ಪತ್ತಕ್ಕೂ ಹೆಚ್ಚು ಸಂಘಗಳ ಒಕ್ಕೂಟ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್, 1902ರಲ್ಲಿ ಶುರುವಾದದ್ದು. ಕಪ್ಪು ವಿದ್ಯಾರ್ಥಿನಿಯರು ತಮ್ಮದೇ ಸಂಘಗಳನ್ನು ಬೇರೆ ಕಟ್ಟಿಕೊಂಡರು. ಕಮಲಾ ಹ್ಯಾರಿಸ್ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ಆಲ್ಫಾ ಕಪ್ಪಾ ಆಲ್ಫಾ, 1908ರಲ್ಲಿ ಅಲ್ಲೇ ಹುಟ್ಟಿದ ಸಂಘ. ಇವು ಬರೀ ಪಾರ್ಟಿ ಮಾಡುವ ಗುಂಪುಗಳು ಅಂದುಕೊಳ್ಳಬೇಡಿ. ಇರಲು ಮನೆ, ಜೊತೆಗೆ ಗೆಳತಿಯರು, ಮುಂದೆ ಕೆಲಸ ಹುಡುಕುವಾಗ ಕೈ ಹಿಡಿಯುವ ಹಳೆಯ ಸದಸ್ಯೆಯರು, ಎಲ್ಲ ಇಲ್ಲಿಂದಲೇ ಸಿಗುತ್ತದೆ.

ಸೇರುವ ಕ್ರಮಕ್ಕೆ ರಿಕ್ರೂಟ್‌ಮೆಂಟ್ ಅನ್ನುತ್ತಾರೆ. ಹಳಬರ ಬಾಯಲ್ಲಿ ರಷ್. ಹುಡುಗಿಯರು ಚೆನ್ನಾಗಿ ಡ್ರೆಸ್ ಮಾಡಿಕೊಂಡು ಒಂದು ಸಂಘದ ಮನೆಯಿಂದ ಇನ್ನೊಂದರ ಮನೆಗೆ ಹೋಗುತ್ತಾರೆ, ಸದಸ್ಯೆಯರು ಮಾತಾಡಿಸುತ್ತಾರೆ. ಸುತ್ತು ಸುತ್ತಿಗೂ ಹೆಸರುಗಳು ಕಡಿಮೆಯಾಗುತ್ತವೆ. ಕೊನೆಗೆ ಸಿಗುವ ಆಹ್ವಾನಕ್ಕೆ ಬಿಡ್ ಅನ್ನುತ್ತಾರೆ. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರ ನೆನಪಿಸಿಕೊಳ್ಳಿ. ಉಪ್ಪಿಟ್ಟು ಕೇಸರಿಭಾತ್ ತಿಂದು, ನಗುನಗುತ್ತಾ ಮಾತಾಡಿ, "ಊರಿಗೆ ಹೋಗಿ ತಿಳಿಸ್ತೀವಿ" ಅಂತ ಎದ್ದು ಹೋಗುತ್ತಾರೆ. ಆಮೇಲೆ "ಯಾಕೋ ಸರಿ ಬರಲಿಲ್ಲ" ಅನ್ನುತ್ತಾರೆ. ಯಾಕೆ ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಚಾಪ್ಟರ್ ಮನೆಯಲ್ಲೂ ಅದೇ ನಡೆಯುತ್ತದೆ. ರಾತ್ರಿ ಹೊತ್ತು ಮೀರಿರುತ್ತದೆ, ಎಲ್ಲರಿಗೂ ಸುಸ್ತು. ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ಒಬ್ಬೊಬ್ಬ ಹುಡುಗಿಯ ಫೋಟೋ ಬರುತ್ತದೆ. ಒಬ್ಬಳು "ವೈಬ್ ಇಲ್ಲ" ಅನ್ನುತ್ತಾಳೆ, ಇನ್ನೊಬ್ಬಳು "ನಮಗೆ ಫಿಟ್ ಆಗಲ್ಲ" ಅನ್ನುತ್ತಾಳೆ. ಅಷ್ಟೇ, ಮುಂದಿನ ಫೋಟೋ. ಈ ಎರಡು ಮಾತುಗಳನ್ನು ಕೇಳಿದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಬಣ್ಣ, ಮೈಕಟ್ಟು, ಅಪ್ಪನ ಸಂಬಳ, ಎಲ್ಲವೂ ಆ ಮಾತುಗಳ ಹಿಂದೆ ಅಡಗಿ ಕೂರಬಹುದು. ಬರೆದಿಟ್ಟ ನಿಯಮ ಇದ್ದರೆ ಅಡಗುವುದಕ್ಕೆ ಜಾಗ ಇರುವುದಿಲ್ಲ.

ಅಲಬಾಮಾ ವಿಶ್ವವಿದ್ಯಾಲಯದ ಕಥೆಯನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. 1963ರ ಜೂನ್ 11ರಂದು ಅಲ್ಲಿ ಇಬ್ಬರು ಕಪ್ಪು ವಿದ್ಯಾರ್ಥಿಗಳು ದಾಖಲಾಗಲು ಬಂದಾಗ ರಾಜ್ಯದ ಗವರ್ನರ್ ಜಾರ್ಜ್ ವಾಲೇಸ್ ಬಾಗಿಲಿಗೆ ಅಡ್ಡ ನಿಂತಿದ್ದರು. ಅಧ್ಯಕ್ಷ ಕೆನಡಿ ನ್ಯಾಷನಲ್ ಗಾರ್ಡ್ ಸೈನಿಕರನ್ನು ಮುಂದೆ ಬಿಟ್ಟ ಮೇಲೆ ದಾರಿ ಬಿಟ್ಟರು. ಇದು ಎಲ್ಲರಿಗೂ ಗೊತ್ತು. ಅದಾಗಿ 50 ವರ್ಷಕ್ಕೆ, 2013ರ ಆಗಸ್ಟ್‌ನಲ್ಲಿ, ಅದೇ ಕ್ಯಾಂಪಸ್ಸಿನಲ್ಲಿ ಒಬ್ಬ ಕಪ್ಪು ಹುಡುಗಿ ರಷ್‌ಗೆ ಹೋದಳು. ಓದಿನಲ್ಲಿ ತುಂಬಾ ಮುಂದೆ, ಒಳ್ಳೆಯ ಮನೆತನ. ಆದರೂ ಒಂದೇ ಒಂದು ಬಿಡ್ ಬರಲಿಲ್ಲ.

ವಿದ್ಯಾರ್ಥಿ ಪತ್ರಿಕೆ ಕ್ರಿಮ್ಸನ್ ವೈಟ್ ಸೆಪ್ಟೆಂಬರ್‌ನಲ್ಲಿ ಇದರ ಒಳಕಥೆ ಹೊರಗೆ ಹಾಕಿತು. ಈ ಹುಡುಗಿ ಬೇಡ ಅಂದವರು ಯಾರು ಗೊತ್ತಾ? ಮನೆಯಲ್ಲಿರುವ ಹುಡುಗಿಯರಲ್ಲ. ಅವರಲ್ಲಿ ಎಷ್ಟೋ ಜನಕ್ಕೆ ಅವಳು ಬೇಕಾಗಿದ್ದಳು. ಎಂದೋ ಓದಿ ಮುಗಿಸಿ ಹೋದ ಹಳೆಯ ಸದಸ್ಯೆಯರು ಅಡ್ಡ ಬಂದಿದ್ದರು. ಒಂದು ಚಾಪ್ಟರಿನಲ್ಲಿ ಹುಡುಗಿಯರು ಎದ್ದು ನಿಂತು ಕಾರಣ ಕೇಳಿದರು. ಶಿಫಾರಸು ಪತ್ರದ ನಿಯಮಕ್ಕೆ ಅವಳು ಹೊಂದುವುದಿಲ್ಲ ಅನ್ನುವ ಉತ್ತರ ಬಂತು. ನೋಡಿ, ನನ್ನ ಮಾತು ಇಲ್ಲೇ ಇದೆ. ನಿಯಮವನ್ನು ಮೊದಲೇ ಬರೆದು, ಎಲ್ಲರಿಗೂ ಒಂದೇ ಥರ ಹಚ್ಚಿದ್ದರೆ, ಪಟ್ಟಿಯಲ್ಲಿದ್ದ ಬಿಳಿ ಹುಡುಗಿಯರ ಪತ್ರಗಳನ್ನೂ ತೆಗೆದು ಪಕ್ಕದಲ್ಲಿಟ್ಟು ನೋಡಬಹುದಿತ್ತು. ಹೋಲಿಸಿ ನೋಡಲು ಆಗದ ನಿಯಮ ನಿಯಮವೇ ಅಲ್ಲ.

ಒಬ್ಬ ಸದಸ್ಯೆ ತನ್ನ ಹೆಸರು ಕೊಟ್ಟೇ ಪತ್ರಿಕೆಯ ಮುಂದೆ ಮಾತಾಡಿದಳು. ಆ ವಯಸ್ಸಿನಲ್ಲಿ, ತಾನು ವಾಸವಿರುವ ಮನೆಯವರನ್ನೇ ಎದುರು ಹಾಕಿಕೊಂಡು ಮಾತಾಡುವುದು ಸಣ್ಣ ಧೈರ್ಯವಲ್ಲ. ಸುದ್ದಿ ದೇಶವೆಲ್ಲ ಹಬ್ಬಿತು. ನೂರಾರು ವಿದ್ಯಾರ್ಥಿಗಳು, ಅಧ್ಯಾಪಕರು ಗ್ರಂಥಾಲಯದಿಂದ ಆಡಳಿತ ಕಚೇರಿಗೆ ಮೆರವಣಿಗೆ ಹೋದರು. ವಿಶ್ವವಿದ್ಯಾಲಯದ ಅಧ್ಯಕ್ಷೆ ಜೂಡಿ ಬಾನರ್ ಸೊರೋರಿಟಿಗಳು ಮತ್ತೆ ಬಾಗಿಲು ತೆಗೆಯುವಂತೆ ಮಾಡಿದರು. ಕೆಲವೇ ದಿನಗಳಲ್ಲಿ ಕಪ್ಪು ವಿದ್ಯಾರ್ಥಿನಿಯರಿಗೆ ಬಿಡ್ ಹೋದವು, ಕೆಲವರು ಒಪ್ಪಿಕೊಂಡರು. ಅರ್ಧ ಶತಮಾನ ಆಗದ ಕೆಲಸ ಸೆಪ್ಟೆಂಬರ್ ಮುಗಿಯುವುದರೊಳಗೆ ಆಯಿತು! ಆಗದ್ದು ಅಂತ ಅಲ್ಲ, ಮಾಡಿರಲಿಲ್ಲ ಅಷ್ಟೇ.

ಹಾಗಾದರೆ ಏನು ಬರೆಯಬೇಕು? ಒಂದು ಪುಟ ಸಾಕು. ಕನಿಷ್ಠ ಎಷ್ಟು ಜಿಪಿಎ, ಅಂದರೆ ಓದಿನ ಅಂಕಗಳ ಸರಾಸರಿ, ಬೇಕು. ಯಾವ ಗುಣಗಳನ್ನು ನೋಡುತ್ತೀರಿ, ಅದನ್ನು ತಿಳಿಯಲು ಏನು ಕೇಳುತ್ತೀರಿ. ಯಾರಿಗೆ ವೋಟು. ಹಳೆಯ ಸದಸ್ಯೆಯರು ಸಲಹೆ ಕೊಡಬಹುದೋ, ಹೆಸರನ್ನೇ ಹೊಡೆದು ಹಾಕಬಹುದೋ. ಹೊಡೆದು ಹಾಕಬಾರದು, ನನ್ನನ್ನು ಕೇಳಿದರೆ. ಯಾರನ್ನಾದರೂ ಬೇಡ ಅಂದರೆ ಆ ಪುಟದಲ್ಲಿರುವ ಒಂದು ಕಾರಣಕ್ಕೆ ಬೆರಳಿಟ್ಟು ತೋರಿಸಬೇಕು. ತೋರಿಸಲು ಆಗದಿದ್ದರೆ ಅವಳ ಹೆಸರು ಮುಂದಿನ ಸುತ್ತಿಗೆ ಹೋಗಬೇಕು.

ಹೊರಗೆ ಕಳಿಸುವಾಗಲೂ ಇದೇ ಪುಟ ಬೇಕು. 2006ರ ಕೊನೆಯಲ್ಲಿ ಇಂಡಿಯಾನಾದ ಡಿಪಾ ವಿಶ್ವವಿದ್ಯಾಲಯದ ಡೆಲ್ಟಾ ಝೀಟಾ ಚಾಪ್ಟರಿನಲ್ಲಿ ರಾಷ್ಟ್ರೀಯ ಕಚೇರಿಯವರು 35 ಸದಸ್ಯೆಯರಲ್ಲಿ 23 ಜನರನ್ನು ಮನೆ ಬಿಡಿಸಿದರು. ಹೊಸಬರನ್ನು ಸೇರಿಸುವ ಉತ್ಸಾಹ ಅವರಿಗೆ ಸಾಲದು ಅಂದರು. ದಪ್ಪಗಿದ್ದವರೆಲ್ಲ ಹೊರಗೆ ಹೋದವರ ಸಾಲಿನಲ್ಲೇ ಇದ್ದರು ಎಂದು ಹುಡುಗಿಯರು ಹೇಳಿದರು. ಉಳಿಸಿಕೊಂಡ 12 ಜನರಲ್ಲೂ ಅರ್ಧ ಮಂದಿ ಬೇಸರಪಟ್ಟು ಎದ್ದು ಹೋದರು. ಕೊನೆಗೆ ವಿಶ್ವವಿದ್ಯಾಲಯವೇ ಆ ಸಂಘದ ನಂಟು ಕಡಿದುಕೊಂಡಿತು. ಉತ್ಸಾಹವನ್ನು ಯಾವ ತಕ್ಕಡಿಯಲ್ಲಿ ತೂಗಿದರು ಸ್ವಾಮಿ?

ಸಮಯ ಜಾಸ್ತಿ ಉಳಿದಿಲ್ಲ, ಬೇಗ ಹೇಳಿಬಿಡುತ್ತೇನೆ. ಲೆಗಸಿ, ಅಂದರೆ ಅಮ್ಮನೋ ಅಕ್ಕನೋ ಸದಸ್ಯೆ ಅಂತ ಮಗಳಿಗೆ, ತಂಗಿಗೆ ಮೊದಲ ಮಣೆ. 2020ರಿಂದ ಈಚೆಗೆ ಹಲವು ಸಂಘಗಳು ಇದನ್ನು ಕೈಬಿಟ್ಟಿವೆ, ಒಳ್ಳೆಯದಾಯಿತು. ನಮ್ಮಂಥ ವಲಸೆ ಬಂದ ಮನೆಗಳ ಹುಡುಗಿಯರಿಗೆ ಆ ಮಣೆ ಎಲ್ಲಿಂದ ಬರಬೇಕು? ಇನ್ನು ದುಡ್ಡು. ವರ್ಷಕ್ಕೆ ಒಟ್ಟು ಎಷ್ಟು ಕಟ್ಟಬೇಕು ಅಂತ ಮೊದಲ ಸುತ್ತಿನಲ್ಲೇ ಹೇಳಿ. ಬಿಡ್ ಕೊಟ್ಟ ಮೇಲೆ ಹೇಳಿ ಹುಡುಗಿಯ ಕಣ್ಣಲ್ಲಿ ನೀರು ಹಾಕಿಸಬೇಡಿ.

ನಮ್ಮ ದಕ್ಷಿಣ ಏಷ್ಯಾದ ಸೊರೋರಿಟಿಗಳಲ್ಲಿ ಇರುವವರಿಗೂ ಒಂದು ಮಾತು. ಕಪ್ಪಾ ಫೈ ಗಾಮಾ, ಡೆಲ್ಟಾ ಫೈ ಒಮೆಗಾ, ಎರಡೂ 1998ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿದವು. ಬೇರೆ ಕಡೆ ಜಾಗ ಸಿಗದವರಿಗೆ ಇವು ತವರಾದವು. ಹಾಗಂತ ನಿಯಮ ಬೇಡ ಅನ್ನಬೇಡಿ. ಮನೆಮಾತು ಯಾವುದು, ಯಾವ ಜನ, ದಾಂಡಿಯಾ ಬರುತ್ತಾ ಅಂತ ಕೇಳಿ ಒಳಗೊಳಗೇ ಅಳೆಯುವುದು ನಮ್ಮವರಿಗೂ ಚೆನ್ನಾಗಿ ಗೊತ್ತು. ಆ ಒಂದು ಪುಟ ನಿಮಗೂ ಬೇಕು. ರಷ್ ಶುರುವಾಗುವ ಮುಂಚೆ ಚಾಪ್ಟರ್ ಮೀಟಿಂಗಿನಲ್ಲಿ ಜೋರಾಗಿ ಓದಿ, ವೋಟಿಗೆ ಹಾಕಿ, ಬರುವ ಹುಡುಗಿಯರಿಗೂ ಒಂದೊಂದು ಪ್ರತಿ ಕೊಡಿ.

ನಮಸ್ಕಾರ.