ಡ್ರಾಯಿಂಗ್‌ನಲ್ಲಿ ಬಾಕ್ಸ್ ಯಾಕೆ, ಬ್ರಾಕೆಟ್ ಯಾಕೆ?

ನಮಸ್ಕಾರ. ಡಿಪ್ಲೊಮಾ ಓದ್ತಿರೋ ಒಬ್ರು ಕೇಳಿದ್ರು: "ಸರ್, ಬಾಕ್ಸ್ ಒಳಗಿರೋ ಡೈಮೆನ್ಷನ್‌ಗೆ ಟಾಲರೆನ್ಸೇ (ಎಷ್ಟು ಹೆಚ್ಚು-ಕಮ್ಮಿ ಆಗಬಹುದು ಅನ್ನೋ ಮಿತಿ) ಕೊಟ್ಟಿಲ್ಲ. ಹಾಗಾದ್ರೆ ತೂತು ಕರೆಕ್ಟಾಗಿ 30ಕ್ಕೇ ಬರಬೇಕಾ?" ಹಾಗೆ ಕೊರೆಯೋ ಮಷಿನ್ ಯಾರ ಹತ್ರಾನೂ ಇಲ್ಲ ಬಿಡಿ.

[ಸ್ಕ್ರೀನ್: ಮೂರು ಸ್ಟೆಪ್ಪಿನ ಶಾಫ್ಟ್]

ಬ್ರಾಕೆಟ್ ವಿಷ್ಯ ಮೊದ್ಲು ಮುಗಿಸ್ತೀನಿ. ಸ್ಟೆಪ್ಪುಗಳು 20, 30, 50, ಒಂದೊಂದಕ್ಕೂ ±0.1. ಒಟ್ಟು ಉದ್ದ (100). ಇದು ರೆಫರೆನ್ಸ್, ಬರೀ ಮಾಹಿತಿಗೆ. ಇದನ್ನ ಹಿಡ್ಕೊಂಡು ಪೀಸ್ ರಿಜೆಕ್ಟ್ ಮಾಡೋ ಹಾಗಿಲ್ಲ. ಬ್ರಾಕೆಟ್ ತೆಗೆದು 100 ±0.1 ಅಂತ ಬರೆದ್ರೆ? ಸ್ಟೆಪ್ಪುಗಳು 20.1, 30.1, 50.1 ಬಂದ್ರೆ ಮೂರೂ ಓಕೆ, ಒಟ್ಟು 100.3 ಮಾತ್ರ ಫೇಲ್. ಟರ್ನರ್‌ಗೂ ಕ್ವಾಲಿಟಿಯವರಿಗೂ ಜಗಳ ಹಚ್ಚಿ, ಡ್ರಾಯಿಂಗ್ ಬರೆದವರು ಎಸಿ ರೂಮಲ್ಲಿ ಕಾಫಿ ಕುಡೀತಿರ್ತಾರೆ! ಒಟ್ಟು ಉದ್ದವೇ ಮುಖ್ಯ ಅನ್ನೋದಾದ್ರೆ ಅದಕ್ಕೆ ಟಾಲರೆನ್ಸ್ ಕೊಡಿ, ಮುಖ್ಯ ಅಲ್ಲದ ಒಂದು ಸ್ಟೆಪ್ಪನ್ನ ಬ್ರಾಕೆಟ್‌ಗೆ ಹಾಕಿ.

[ಸ್ಕ್ರೀನ್: ಪ್ಲೇಟ್, ಒಂದು ತೂತು, ಬಾಕ್ಸಿನಲ್ಲಿ 30 ಮತ್ತು 40]

ಈಗ ಬಾಕ್ಸ್. ಇದು ಬೇಸಿಕ್ ಡೈಮೆನ್ಷನ್. ಡ್ರಾಯಿಂಗ್‌ಗಳ ಅಮೆರಿಕನ್ ಸ್ಟ್ಯಾಂಡರ್ಡ್ ಎಎಸ್‌ಎಂಇ ವೈ14.5 ಪ್ರಕಾರ, ಟೈಟಲ್ ಬ್ಲಾಕಿನಲ್ಲಿ ಬೇರೆ ಅಳತೆಗಳಿಗೆಲ್ಲ ಒಟ್ಟಿಗೆ ಬರೆದಿರೋ ಜನರಲ್ ಟಾಲರೆನ್ಸ್ ಇದಕ್ಕೆ ತಾಗಲ್ಲ. ಬಾಕ್ಸ್ ಹೇಳೋದು ಗುರಿ ಎಲ್ಲಿ ಅಂತ. ಎಷ್ಟು ತಪ್ಪಬಹುದು ಅನ್ನೋದು ತೂತಿನ ಪಕ್ಕದ ಫೀಚರ್ ಕಂಟ್ರೋಲ್ ಫ್ರೇಮ್ ಅನ್ನೋ ಚೌಕಟ್ಟಿನಲ್ಲಿರತ್ತೆ: ಪೊಸಿಷನ್, ⌀0.28. ಅಂದ್ರೆ ಗುರಿಯ ಸುತ್ತ 0.28 ವ್ಯಾಸದ ವೃತ್ತದೊಳಗೆ ತೂತಿನ ಸೆಂಟರ್ ಇರಬೇಕು.

ನನಗೆ ತುಂಬಾ ಇಷ್ಟದ ಜಾಗ ಇದೇ. ಅಳೆದಾಗ ತೂತಿನ ಸೆಂಟರ್ 30.12, 40.05 ಬಂತು ಅಂದ್ಕೊಳ್ಳಿ. ಹಳೇ ಪದ್ಧತಿಯ ±0.1 ಇದ್ದಿದ್ರೆ 0.12 ನೋಡಿದ ತಕ್ಷಣ ಸ್ಕ್ರ್ಯಾಪ್. ಆದ್ರೆ ಗುರಿಯಿಂದ ನೇರ ದೂರ ಲೆಕ್ಕ ಹಾಕಿ: 0.12ರ ವರ್ಗ, 0.05ರ ವರ್ಗ, ಕೂಡಿಸಿ ವರ್ಗಮೂಲ ತೆಗೆದ್ರೆ 0.13. ಮಿತಿ ಕೊಟ್ಟಿರೋದು ವ್ಯಾಸದಲ್ಲಿ, ಅದಕ್ಕೆ ಎರಡರಿಂದ ಗುಣಿಸಿದ್ರೆ 0.26. 0.28ರೊಳಗೇ ಇದೆ, ಪಾಸ್!

[ಸ್ಕ್ರೀನ್: ಚೌಕ, ಅದರ ನಾಲ್ಕು ಮೂಲೆ ಮುಟ್ಟುವ ವೃತ್ತ]

±0.1 ಕೊಡೋದು ಚೌಕ. ಅದರ ಮೂಲೆಯಲ್ಲಿ ಸೆಂಟರ್ 0.14 ದೂರ ಹೋದ್ರೂ ಓಕೆ, ಪಕ್ಕಕ್ಕೆ 0.12 ಹೋದ್ರೆ ರಿಜೆಕ್ಟ್. ಬೋಲ್ಟಿಗೆ ಮೂಲೆ ಯಾವುದು, ಪಕ್ಕ ಯಾವುದು ಅಂತ ಗೊತ್ತಾ? ಮೂಲೆಗಳನ್ನ ಮುಟ್ಟೋ ವೃತ್ತ ಕೊಟ್ರೆ ಜಾಗ ಸುಮಾರು 57% ಜಾಸ್ತಿ ಸಿಗತ್ತೆ, ಬೋಲ್ಟ್ ಕೂರೋದಕ್ಕೂ ಏನೂ ತೊಂದ್ರೆ ಇಲ್ಲ. ಈ ಯೋಚನೆ ಸ್ಕಾಟ್ಲೆಂಡಿನ ಟಾರ್ಪಿಡೊ ಫ್ಯಾಕ್ಟರಿಯಲ್ಲಿದ್ದ ಸ್ಟ್ಯಾನ್ಲಿ ಪಾರ್ಕರ್ ಅವರದು.

ಟೈಮ್ ಆಯ್ತು, ಉಳಿದಿದ್ದು ಒಂದೇ ಉಸಿರಲ್ಲಿ: ಹಳೇ ಡ್ರಾಯಿಂಗ್‌ನಲ್ಲಿ ಬ್ರಾಕೆಟ್ ಬದಲು ಆರ್‌ಇಎಫ್ ಅಂತ ಇದ್ರೂ ಅರ್ಥ ಅದೇ, ಒಂದು ಅಳತೆ ಎರಡನೇ ವ್ಯೂನಲ್ಲಿ ಮತ್ತೆ ಬೇಕಾದ್ರೆ ಬ್ರಾಕೆಟ್‌ನಲ್ಲೇ ಬರೀರಿ, ಬಾಕ್ಸ್ ಇದ್ದು ಕಂಟ್ರೋಲ್ ಫ್ರೇಮ್ ಇಲ್ಲದ ಡ್ರಾಯಿಂಗ್ ಕೈಗೆ ಬಂದ್ರೆ ಡ್ರಿಲ್ ಹಾಕಬೇಡಿ, ಡಿಸೈನ್‌ನವರಿಗೆ ಫೋನ್ ಹಾಕಿ.